ಹೊಳೆದಂಡೆಯಲ್ಲಿ ಅತ್ತೆಯನ್ನು ನೋಡಲು ಬಂದದ್ದು

ಆಗೆಲ್ಲ ಮದರಾಸಿನ ಕನ್ನಡದವರಿಗೆ ಒಂದು ಮೊಂಡು ಧೈರ್ಯವಿತ್ತು. ಬಸ್ಸಿನಲ್ಲಿ, ಡಾಕ್ಟರ ಕ್ಲಿನಿಕ್ಕಿನಲ್ಲಿ, ಕಪಾಲಿ ದೇವಸ್ಥಾನದ ಕ್ಯೂನಲ್ಲಿ, ಎಲ್ಲಿ ಬೇಕಾದರೂ ಯಾರ ವಿಷಯ ಬೇಕಾದರೂ ಕನ್ನಡದಲ್ಲಿ ಗಟ್ಟಿಯಾಗಿ ಮಾತಾಡಬಹುದು, ಸುತ್ತ ಇರುವವರಿಗೆ ಒಂದಕ್ಷರವೂ ತಿಳಿಯುವುದಿಲ್ಲ ಎಂಬ ಧೈರ್ಯ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಮ್ಮ ಮನೆಯಲ್ಲಿ ಅಜ್ಜಿ ಇದ್ದಳು.

"ಅಯ್ಯೋ ರಾಮ, ಮುಂದಿನ ಸೀಟಿನವಳ ತುರುಬು ನೋಡು, ತಲೆಗಿಂತ ದೊಡ್ಡದಾಗಿದೆ. ಒಳಗೆ ಏನು ತುಂಬಿದ್ದಾಳೋ!" ಎನ್ನುವಳು. ಆ ಹೆಂಗಸು ತಿರುಗಿ ನೋಡಿದರೆ ಬಾಯಿತುಂಬ ನಕ್ಕು ತಮಿಳಿನಲ್ಲಿ, "ಎನ್ನಮ್ಮಾ, ಸೌಖ್ಯಮಾ?" ಎಂದು ವಿಚಾರಿಸುವಳು. ಊರಿನ ಹೆಸರು ಆಗಷ್ಟೇ ಚೆನ್ನೈ ಆಗಿತ್ತು. ಅಜ್ಜಿಯ ಬಾಯಲ್ಲಿ ಮಾತ್ರ ಕೊನೆಯವರೆಗೂ ಮದರಾಸೇ.

ನನಗಾಗ ಒಂಬತ್ತು ವರ್ಷ. ಮೈಲಾಪೂರಿನ ಹಳೇ ಫ್ಲ್ಯಾಟಿನಲ್ಲಿ ಅಜ್ಜಿ, ಅಪ್ಪ, ಅಮ್ಮ, ತಮ್ಮ, ನಾನು, ಮತ್ತೆ ಸುಧಾ ಅತ್ತೆ. ಅತ್ತೆ ಅಪ್ಪನ ತಂಗಿ, ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಚಿಕ್ಕವಳಿದ್ದಾಗ ಬಂದ ಜ್ವರದಲ್ಲಿ ಅವಳ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿ ಚುರುಕು. ನನಗೆ ಅದೊಂದು ಕೊರತೆ ಅಂತ ಅನ್ನಿಸಿಯೇ ಇರಲಿಲ್ಲ. ರಸ್ತೆಯಲ್ಲಿ ಅತ್ತೆಯ ಬಲಗಡೆ ನಡೆಯಬೇಕು, ರಾತ್ರಿ ಹಾಸಿಗೆಯಲ್ಲಿ ಬಲಗಡೆ ಮಲಗಬೇಕು, ಅಷ್ಟೇ. ಆ ಜಾಗ ನನ್ನದು. ತಮ್ಮ ಅಲ್ಲಿಗೆ ಬಂದರೆ ಚಿವುಟಿ ಕಳಿಸುತ್ತಿದ್ದೆ. ಪಾಂಡಿ ಎನ್ನುವ ಕುಂಟಾಬಿಲ್ಲೆ ಆಟದಲ್ಲಿ ಯಾರು ಗೆರೆ ತುಳಿದು ಸುಳ್ಳು ಹೇಳಿದರು, ಟೀಚರ್ ಯಾರಿಗೆ ಬೈದರು, ಎಲ್ಲವನ್ನೂ ಅಲ್ಲಿ ಮಲಗಿ ಅತ್ತೆಗೆ ಒಪ್ಪಿಸುತ್ತಿದ್ದೆ. ನಾನು ತಮಿಳಿನಲ್ಲಿ ಹೇಳುವುದು, ಅವಳು ಕನ್ನಡದಲ್ಲಿ ಉತ್ತರ ಕೊಡುವುದು. ನಮಗಿಬ್ಬರಿಗೂ ಅದು ವಿಚಿತ್ರವೆನಿಸುತ್ತಿರಲಿಲ್ಲ.

ಅತ್ತೆಗೆ ಮೂವತ್ತು ದಾಟಿತ್ತು. ನೋಡಲು ಬಂದವರೆಲ್ಲ ಚೆನ್ನಾಗಿಯೇ ಮಾತಾಡಿ, ಸೊಜ್ಜಿ ಬಜ್ಜಿ ಚೆನ್ನಾಗಿಯೇ ತಿಂದು ಹೋಗುತ್ತಿದ್ದರು. ಕಿವಿಯ ವಿಷಯ ಗೊತ್ತಾದ ಕೂಡಲೇ ಜಾತಕ ಕೂಡಿಬರಲಿಲ್ಲ ಎಂದು ಹೇಳಿಕಳಿಸುತ್ತಿದ್ದರು. "ನನ್ನ ಕಿವಿ ಜಾತಕದ ಯಾವ ಮನೇಲಿ ಕೂತಿದೆಯಮ್ಮ?" ಎಂದು ಅತ್ತೆ ನಗುತ್ತಿದ್ದಳು. ಕೊನೆಕೊನೆಗೆ ನಗುವುದೂ ನಿಂತಿತು. ಆ ಬೇಸಿಗೆಯಲ್ಲಿ ತಿರುಚ್ಚಿಯಿಂದ ಇನ್ನೊಂದು ಸಂಬಂಧ ಬಂದಾಗ ಅತ್ತೆ ಖಡಾಖಂಡಿತವಾಗಿ ಹೇಳಿಬಿಟ್ಟಳು.

"ತಟ್ಟೆ ಹಿಡ್ಕೊಂಡು ಯಾರ ಮುಂದೇನೂ ಬರಲ್ಲ. ನೋಡೋದಿದ್ರೆ ಅಡ್ಯಾರ್ ತೋಟಕ್ಕೆ ಬರ್ಲಿ. ಅವರ ಕಡೆಯಿಂದಾನೂ ಜಾತ್ರೆ ಬೇಡ."

ಹುಡುಗ ರೈಲ್ವೆಯಲ್ಲಿದ್ದ. ಅವರದೂ ನಮ್ಮ ಹಾಗೆಯೇ ಎಂದೋ ಈ ಕಡೆ ಬಂದು ನೆಲೆಸಿದ ಕನ್ನಡದ ಮನೆ. ಅಜ್ಜಿ ಎರಡು ದಿನ ಗೊಣಗಿ ಒಪ್ಪಿಕೊಂಡಳು. ತಮ್ಮನಿಗೆ ಜ್ವರವೆಂದು ಅಮ್ಮ ಮನೆಯಲ್ಲೇ ಉಳಿಯಬೇಕಾಯಿತು. ಹೊರಡುವವರು ಅಜ್ಜಿ, ಅಪ್ಪ, ಅತ್ತೆ. ಶುಭಕಾರ್ಯಕ್ಕೆ ಮೂರು ಜನ ಹೊರಡುವುದುಂಟೇ! ಹಾಗಾಗಿ ನಾಲ್ಕನೆಯವಳಾಗಿ ನನ್ನನ್ನು ಎಳೆದುಕೊಂಡು ಹೋದರು. ಕಂಕುಳಲ್ಲಿ ಚುಚ್ಚುವ ರೇಷ್ಮೆ ಲಂಗ ರವಿಕೆ, ಕಚ್ಚುವ ಹೊಸ ಚಪ್ಪಲಿ. ಬಸ್ಸು ಅಡ್ಯಾರ್ ಸೇತುವೆ ದಾಟುವಾಗಲೇ ನನಗೆ ತಲೆ ಕೆಟ್ಟಿತ್ತು.

ಆ ತೋಟ ನೂರು ವರ್ಷಕ್ಕೂ ಹಳೆಯದು. ಒಳಗೆ ಹೋದರೆ ಊರಿನ ಸದ್ದೇ ಇಲ್ಲ. ಬಿಳಲುಗಳೇ ಮರಗಳಾಗಿ ನಿಂತ ದೊಡ್ಡ ಆಲ, ಕೆಂಪು ಮಣ್ಣಿನ ದಾರಿ, ತರಗೆಲೆಯ ಮೇಲೆ ಓಡುವ ಅಳಿಲು. ಗೇಟಿನವನು ತಿಂಡಿ ಒಳಗೆ ಬಿಡುವುದಿಲ್ಲ ಎಂದ. ಅಜ್ಜಿ ಬ್ಯಾಗನ್ನು ಸೆರಗಿನೊಳಗೆ ಒತ್ತಿಕೊಂಡು, ಎಲ್ಲ ತನ್ನ ಸಕ್ಕರೆ ಕಾಯಿಲೆಯ ಮಾತ್ರೆ ಎಂದಳು. ಮಾತ್ರೆಯಿಂದ ಬಾಳೆಕಾಯಿ ಬಜ್ಜಿಯ ವಾಸನೆ ಘಮಘಮ ಬರುತ್ತಿತ್ತು. ಮನೆಯಲ್ಲಿ ಬೇಡವೆಂದ ಸೊಜ್ಜಿ ಬಜ್ಜಿ ಸ್ಟೀಲ್ ಡಬ್ಬಿಯಲ್ಲಿ ಕೂತು ಇಲ್ಲಿಗೂ ಬಂದಿತ್ತು.

ಹೊಳೆಯ ಕಡೆಯ ಬೆಂಚಿನಲ್ಲಿ ಸಿಗುವುದೆಂದು ಮಾತಾಗಿತ್ತು. ಅಲ್ಲಿ ಅಡ್ಯಾರ್ ಹೊಳೆ ಅಗಲವಾಗಿ ಹರಡಿ ಸಮುದ್ರ ಸೇರಲು ಹೊರಟಿರುತ್ತದೆ. ನೀರು ಇಳಿದ ಹೊತ್ತು. ಕೆಸರಿನ ನಾತ ಒಂದು ಸಲ, ಉಪ್ಪುಗಾಳಿ ಒಂದು ಸಲ. ಆಚೆ ದಂಡೆಯಲ್ಲಿ ಊರಿಗೆ ಊರೇ ಕಾಣುತ್ತಿತ್ತು. ಪಟ್ಟಿನಪಾಕ್ಕಂನ ಹೌಸಿಂಗ್ ಬೋರ್ಡ್ ಮನೆಗಳು, ಸಾಂಥೋಮ್ ಚರ್ಚಿನ ಬಿಳಿ ಗೋಪುರ, ದೂರದಲ್ಲಿ ದೀಪಸ್ತಂಭ. ಅವುಗಳ ಹಿಂದೆ ಎಲ್ಲೋ ನಮ್ಮ ಮನೆ. ಅತ್ತೆ ಬೆಂಚಿನ ಮಧ್ಯೆ ಕೂತಳು, ಎಡಕ್ಕೆ ಅಜ್ಜಿ, ಬಲಕ್ಕೆ ನಾನು. ಅಪ್ಪ ಕೂರಲೇ ಇಲ್ಲ. ಬಾಲ ಸುಟ್ಟ ಬೆಕ್ಕಿನ ಹಾಗೆ ಅತ್ತ ಹತ್ತು ಹೆಜ್ಜೆ, ಇತ್ತ ಹತ್ತು ಹೆಜ್ಜೆ. ನಾಲ್ಕಕ್ಕೆ ತೋಟ ಮುಚ್ಚುತ್ತಾರೆ, ಗಂಡಿನ ಕಡೆಯವರ ಸುಳಿವಿಲ್ಲ. ಆಗ ಕೈಯಲ್ಲಿ ಫೋನು ಯಾರ ಬಳಿ ಇತ್ತು?

"ಎಪ್ಪೊ ವರುವಾಂಗ?" ಎಂದು ನಾನು ಕೇಳಿದೆ. ಮತ್ತೆ ಕೇಳಿದೆ.

"ಬರ್ತಾರೆ, ಬಾಯಿ ಮುಚ್ಕೊಂಡು ಕೂತ್ಕೊಳ್ಳೇ. ಕಾಲು ಆಡಿಸ್ಬೇಡ, ದರಿದ್ರ" ಎಂದಳು ಅಜ್ಜಿ. ಹಾಗೆಂದವಳ ಕಾಲೇ ಕುಣಿಯುತ್ತಿತ್ತು. ನನಗೆ ಅವರು ಬೇಗ ಬರಲಿ ಎಂದೂ ಇತ್ತು, ಬರುವುದೇ ಬೇಡ ಎಂದೂ ಇತ್ತು. ಬಂದು ಒಪ್ಪಿದರೆ ಅತ್ತೆ ತಿರುಚ್ಚಿಗೆ ಹೋಗಿಬಿಡುತ್ತಾಳೆ. ಅದನ್ನು ಯಾರೂ ನನಗೆ ಬಿಡಿಸಿ ಹೇಳಿರಲಿಲ್ಲ, ಆದರೂ ಗೊತ್ತಿತ್ತು.

ಅಜ್ಜಿಯ ಕಡೆಯ ಪಕ್ಕದ ಬೆಂಚಿನಲ್ಲಿ ನಮಗಿಂತ ಮೊದಲೇ ಒಬ್ಬ ಗಂಡಸು, ಒಬ್ಬ ಹೆಂಗಸು ಕೂತಿದ್ದರು. ಹೆಂಗಸು ತಮಿಳಿನಲ್ಲಿ ಇಲ್ಲಿ ಗಾಳಿ ಚೆನ್ನಾಗಿದೆ ಎನ್ನುತ್ತಿದ್ದಳು. ಅಜ್ಜಿಗೆ ಹೊತ್ತು ಹೋಗಬೇಕಲ್ಲ.

"ಅವಳ ಸೀರೆ ನೋಡೇ ಸುಧಾ, ಕಿಟಕಿ ಪರದೆ ಕಿತ್ತು ಸುತ್ಕೊಂಡು ಬಂದಿದ್ದಾಳೆ. ಆ ಬೋಳು ತಲೆಯವನು ಬೇರೆ ಆವಾಗಿಂದ ಈ ಕಡೆನೇ ನೋಡ್ತಿದ್ದಾನೆ. ತಲೇಲಿ ಕೂದಲಿಲ್ಲದಿದ್ರೇನು, ಕಣ್ಣಿಗೇನೂ ಕಮ್ಮಿ ಇಲ್ಲ."

ಅತ್ತೆ ಆಚೆ ದಂಡೆಯನ್ನೇ ನೋಡುತ್ತಿದ್ದಳು. ಅಜ್ಜಿ ಬಲಕ್ಕೆ ಬಾಗಿ ಇನ್ನೂ ಗಟ್ಟಿಯಾಗಿ ಹೇಳಿದಳು.

"ನೋಡು, ಗಂಡು ಬಂದ ಕೂಡ್ಲೇ ಪುಟ್ಟೀನ ಎಬ್ಬಿಸ್ತೀನಿ. ನಿನ್ನ ಎಡಗಡೆ ನಾನು ಜಪ್ಪಯ್ಯ ಅಂದ್ರೂ ಏಳಲ್ಲ, ಅವನು ಬಲಗಡೆನೇ ಕೂರ್ಬೇಕು. ಕಿವಿ ಮಾತು ಎತ್ತಲೇಕೂಡ್ದು. ನಿಶ್ಚಿತಾರ್ಥ ಆಗ್ಲಿ, ಆಮೇಲೆ ನಿಧಾನಕ್ಕೆ ನಾನೇ ಹೇಳ್ತೀನಿ."

"ಆಮೇಲೆ ಅಂದ್ರೆ ಯಾವಾಗಮ್ಮ? ತಾಳಿ ಕಟ್ಟಿದ್ಮೇಲಾ?"

"ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ದೊಡ್ಡವರು ಸುಮ್ನೆ ಹೇಳಿದ್ದಾರಾ?"

"ಆ ನೂರು ಸುಳ್ಳು ಕಟ್ಕೊಂಡು ಸಂಸಾರ ಮಾಡೋಳು ನಾನು, ದೊಡ್ಡವರಲ್ಲ."

"ಮೆತ್ತಗೆ ಮಾತಾಡ್ರೀ" ಎಂದ ಅಪ್ಪ.

"ಇಲ್ಲಿ ಯಾರಿಗೆ ತಿಳಿಯತ್ತೋ, ಈ ಕಾಗೆಗಳಿಗಾ?" ಎಂದು ಅಜ್ಜಿ ಪಕ್ಕದ ಬೆಂಚನ್ನೂ ಸೇರಿಸಿ ಕೈಬೀಸಿದಳು.

ಅತ್ತೆ ಅಜ್ಜಿಯ ಕಡೆ ತಿರುಗಿದಳು. "ಅಮ್ಮ, ಅವರು ಯಾವ ಕಡೆ ನಿಂತಿದ್ದಾರೆ ಅಂತ ದಿನವೆಲ್ಲ ನೋಡ್ಕೊಂಡು, ಕೇಳಿಸದೇ ಇದ್ರೂ ಕೇಳಿಸಿದ ಹಾಗೆ ತಲೆ ಆಡಿಸ್ಕೊಂಡು ಬದುಕೋಕೆ ನನ್ನ ಕೈಲಾಗಲ್ಲ. ಬಂದ ತಕ್ಷಣ ನಾನೇ ಹೇಳ್ತೀನಿ. ನನ್ನ ಎಡಗಿವಿ ಕೇಳಲ್ಲ ಅಂತ. ಬೇಡ ಅಂದ್ರೆ ಬೇಡ ಅನ್ಲಿ. ಇದೇ ಕೊನೆ. ಇನ್ನು ಯಾರ ಮುಂದೇನೂ ಕೂರಲ್ಲ, ನಿನ್ನಾಣೆ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಎದ್ದು ಓಡಿಹೋಗಬೇಕು ಅನ್ನಿಸಿತು.

ಆಗ ಪಕ್ಕದ ಬೆಂಚಿನ ಬೋಳು ತಲೆಯವರು ಎದ್ದರು. ನಮ್ಮ ಕಡೆಗೇ ಬಂದರು. ಅಜ್ಜಿಯನ್ನು ದಾಟಿ, ಅತ್ತೆಯ ಮುಂದಿನಿಂದ ಹಾದು, ಬೆಂಚಿನ ಬಲತುದಿಗೆ ಬಂದು ನನ್ನೆದುರು ಬಾಗಿ ನಿಂತರು.

"ಪುಟ್ಟೀ, ನಂಗೆ ಇಲ್ಲಿ ಸ್ವಲ್ಪ ಜಾಗ ಕೊಡ್ತೀಯಾ?"

ಕನ್ನಡ! ನಾನು ಗಾಬರಿಯಲ್ಲಿ ಎದ್ದುಬಿಟ್ಟೆ. ಅವರು ಕೂತು ಅತ್ತೆಯ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ನಾನು ಮುರಳೀಧರ. ತಿರುಚ್ಚಿಯಿಂದ ಬಂದಿದ್ದೀನಿ. ಅವಳು ನನ್ನಕ್ಕ. ನೀವು ಬಂದ ಕೂಡ್ಲೇ ಎದ್ದು ಬರ್ಬೇಕಿತ್ತು. ಮಾತಿನ ಮಧ್ಯೆ ಹೇಗೆ ಬರೋದು ಗೊತ್ತಾಗ್ಲಿಲ್ಲ."

ಅಪ್ಪ ಮರದ ಕಡೆ ತಿರುಗಿಕೊಂಡ. ಅಜ್ಜಿಯ ಮುಖದಲ್ಲಿ ರಕ್ತವಿರಲಿಲ್ಲ. "ಅಯ್ಯೋ ರಾಮ" ಎಂದಳು, "ಫೋಟೋದಲ್ಲಿ ತಲೆತುಂಬ ಕೂದಲಿತ್ತಲ್ಲಪ್ಪಾ!"

"ಅದು ಹಳೇ ಫೋಟೋ ಅಮ್ಮ. ನಮ್ಮನೆಯವರೂ ಒಂದು ಮುಚ್ಚಿಟ್ಟಿದ್ರು."

ಅಕ್ಕ ಅಷ್ಟು ಸುಲಭದವರಲ್ಲ. ಬಂದು ನಿಂತು, "ಮಾಮಿ, ಇದು ಪರದೆ ಬಟ್ಟೆ ಅಲ್ಲ, ಕಾಂಚೀಪುರಂ ಕಾಟನ್" ಎಂದರು. ಅಜ್ಜಿ ಡಬ್ಬಿಯ ಮುಚ್ಚಳ ತೆಗೆದಳು. ಬಜ್ಜಿ ತಣ್ಣಗಾಗಿ ಎಣ್ಣೆ ಬಿಟ್ಟಿತ್ತು. ಅಕ್ಕ ಒಂದು ತಿಂದರು, ಆಮೇಲೆ ಇನ್ನೊಂದನ್ನೂ ತೆಗೆದುಕೊಂಡರು.

ಅತ್ತೆ ಅಷ್ಟು ಹೊತ್ತಿಗೆ ತಲೆಯೆತ್ತಿದ್ದಳು. "ಎಲ್ಲಿಂದ ಕೇಳಿಸ್ಕೊಂಡ್ರಿ?"

"ಬೋಳು ತಲೆಯಿಂದ."

"ಹಾಗಾದ್ರೆ ಪೂರ್ತಿ ಕೇಳಿದ್ದೀರಿ. ಇನ್ನೊಂದ್ಸಲ ಹೇಳೋ ಕಷ್ಟ ತಪ್ಪಿತು" ಎಂದು ಅತ್ತೆ ನಕ್ಕಳು. ಎಷ್ಟೋ ತಿಂಗಳಿಂದ ನಾನು ಕಾಣದಿದ್ದ ನಗು. ನನಗಲ್ಲ, ಬೇರೆ ಯಾರಿಗೋ ಬಂದಿದ್ದು. ಹೊಟ್ಟೆಕಿಚ್ಚು ಎಂದರೆ ಏನೆಂದು ನನಗೆ ತಿಳಿದದ್ದು ಆ ಬೆಂಚಿನ ಪಕ್ಕ ನಿಂತಾಗ.

ಇಬ್ಬರೂ ಸ್ವಲ್ಪ ನಡೆದು ಬರಲಿ ಎಂದು ದೊಡ್ಡವರು ತೀರ್ಮಾನಿಸಿದರು. ಇಬ್ಬರನ್ನೇ ಕಳಿಸುವ ಹಾಗಿಲ್ಲ, ನನ್ನನ್ನು ಕಾವಲಿಗೆ ಕಳಿಸಿದರು. ನಾನು ಓಡಿ ಅತ್ತೆಯ ಬಲಗೈ ಹಿಡಿಯಲು ಹೋದೆ. ಅಲ್ಲಿ ಅವರಿದ್ದರು. ನುಸುಳಲು ನೋಡಿದೆ, ದಾರಿ ಕಿರಿದು. ಎಡಗಡೆಗೆ ಬಂದೆ.

ಅವರು ನಿಂತು ಆಚೆ ದಂಡೆಯಲ್ಲಿ ನಿಮ್ಮ ಮನೆ ಯಾವುದು ಎಂದು ಕೇಳಿದರು. ಅತ್ತೆ ಚರ್ಚಿನ ಗೋಪುರದಿಂದ ಶುರುಮಾಡಿ ಬೆರಳಲ್ಲೇ ಮೈಲಾಪೂರಿನ ಬೀದಿಗಳನ್ನೆಲ್ಲ ತೋರಿಸುತ್ತ ಹೋದಳು. ಗೇಟಿನವನು ಸೀಟಿ ಊದತೊಡಗಿದ. ನನಗೆ ಇನ್ನು ತಡೆಯಲಾಗಲಿಲ್ಲ. ಯಾಕೋ ಅವತ್ತು ತಮಿಳು ಬರಲಿಲ್ಲ.

"ಅತ್ತೆ, ನೀನು ಹೋಗ್ಬೇಡ. ಇಲ್ಲೇ ಇರು" ಎಂದೆ.

ಅತ್ತೆಗೆ ಕೇಳಿಸಲಿಲ್ಲ. ಅವರು ಮಾತ್ರ ಅವಳ ಆಚೆಯಿಂದ ಬಾಗಿ ನನ್ನನ್ನು ನೋಡಿದರು. ಗೇಟಿನವರೆಗೂ ನಿಧಾನವಾಗಿ ನಡೆದರು.

ಮದುವೆ ಆಗಸ್ಟ್ ಕೊನೆಗೆ, ತಮಿಳರ ಆವಣಿ ತಿಂಗಳಲ್ಲಿ ಆಯಿತು. ಮುರಳಿ ಮಾವ ಕೆಟ್ಟವರಾಗಿದ್ದರೆ ಹಾಯಾಗಿ ದ್ವೇಷಿಸಬಹುದಿತ್ತು, ಅದಕ್ಕೂ ಅವಕಾಶ ಕೊಡಲಿಲ್ಲ. ಪ್ರತಿ ಬೇಸಿಗೆ ರಜೆಗೆ ಅತ್ತೆ ಒಬ್ಬಳೇ ಬಂದು ಒಂದು ತಿಂಗಳು ಇರುತ್ತಿದ್ದಳು. ಅದು ಅವಳದೇ ಆಸೆ ಎಂದು ನಾನು ತಿಳಿದಿದ್ದೆ.

ಆ ತೋಟ ಈಗಲೂ ಇದೆ. ಆಚೆ ದಂಡೆ ಮಾತ್ರ ಗುರುತು ಸಿಗುವುದಿಲ್ಲ. ಗಾಜಿನ ಕಟ್ಟಡಗಳು ಎದ್ದು ನಿಂತು, ಚರ್ಚಿನ ಗೋಪುರವನ್ನು ಹುಡುಕಬೇಕು. ಐಟಿ ಕಂಪನಿಗಳಿರುವ ಪೆರುಂಗುಡಿಯ ಕಡೆ ಹೋಗುವ ಬಸ್ಸು ಹತ್ತಿದರೆ ನಾಲ್ಕು ಸೀಟಿಗೊಬ್ಬರು ಕನ್ನಡ ಬಲ್ಲವರು. ಅಜ್ಜಿ ಇದ್ದಿದ್ದರೆ ಬಾಯಿಗೆ ಬೀಗ ಹಾಕಿಕೊಂಡೇ ಓಡಾಡಬೇಕಿತ್ತು. ನನ್ನ ಮಗಳಿಗೋ ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ನಗು ಬರುತ್ತದೆ.

ಮುರಳಿ ಮಾವ ಹೋಗಿ ವರ್ಷ ಕಳೆಯಿತು. ಮಕ್ಕಳಿರಲಿಲ್ಲ. ತಿರುಚ್ಚಿಯ ಮನೆ ಖಾಲಿ ಮಾಡಿಸಿ ನಾನೇ ಅತ್ತೆಯನ್ನು ಅಡ್ಯಾರಿನ ನನ್ನ ಮನೆಗೆ ಕರೆತಂದೆ. ಸಾಮಾನು ಇಳಿಸಿದ ಸಂಜೆ ಕಾಫಿ ಕುಡಿಯುತ್ತ ಅವಳೇ ಮಾತು ತೆಗೆದಳು.

"ಪ್ರತಿ ಏಪ್ರಿಲ್‌ನಲ್ಲೂ ನಿಮ್ಮ ಮಾವನೇ ನನಗೆ ಟಿಕೆಟ್ ತೆಗೆಸಿಡ್ತಿದ್ರು. ನಾನು ಒಲ್ಲೆ ಅಂದ್ರೂ ಬಿಡ್ತಿರ್ಲಿಲ್ಲ. 'ಹೋಗ್ಬಾ, ಆ ಮಗು ನನ್ನೆದುರಿಗೇ ಕೇಳ್ಕೊಂಡಿದೆ' ಅಂತಿದ್ರು. ಏನಂತ ಕೇಳಿದ್ರೆ ಅದು ನಮ್ಮಿಬ್ಬರ ಮಾತು ಅನ್ನೋರು. ಏನೇ ಕೇಳ್ಕೊಂಡಿದ್ದೆ?"

ಹೇಳಿದೆ.

ಅತ್ತೆ ಲೋಟವನ್ನು ಕೆಳಗಿಟ್ಟಳು. "ಇನ್ನೆಲ್ಲೂ ಹೋಗಲ್ಲ ಕಣೇ" ಎಂದಳು. "ಇಲ್ಲೇ ಇರ್ತೀನಿ."

ಒಂಬತ್ತು ವರ್ಷದವಳು ಕೇಳಿದ್ದು ಇದನ್ನೇ. ಮಾವನನ್ನು ಕಳೆದುಕೊಂಡು ಹೀಗೆ ಸಿಗುವುದಾದರೆ ಅದು ಯಾರಿಗೆ ಬೇಕಿತ್ತು.