ಹೆಸರು ಬರೆಯದ ಚೀಲಗಳನ್ನು ಕರ್ತನು ಗುರುತಿಸಿದ ಬಗೆ

ಕಾಳಿನೊಳಗೆ ಮೊಳಕೆಯನ್ನೂ ಮನುಷ್ಯನ ಎದೆಯೊಳಗೆ ಮೊರೆಯನ್ನೂ ಇರಿಸಿ, ಎರಡನ್ನೂ ತಕ್ಕ ವೇಳೆಯಲ್ಲಿ ಬೆಳಕಿಗೆ ತರುವ ಕರ್ತನಿಗೆ ಸ್ತೋತ್ರ. ಪ್ರಿಯ ವಿಶ್ವಾಸಿಗಳೇ, ಈ ಕೃತಜ್ಞತೆಯನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಮುಂದೆ ಬರೆಯಲಿರುವುದರಲ್ಲಿ ಕೋಪವೇ ಹೆಚ್ಚು. ಆ ಕೋಪದ ಕೆಳಗೆ ಸ್ತೋತ್ರವು ಹೂತುಹೋಯಿತೆಂದು ಯಾರೂ ಭಾವಿಸಬಾರದು.

ನಾನು ಮುಳಬಾಗಿಲಿನವನು. ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿದ್ದು ನಿವೃತ್ತನಾದವನು. ನಮ್ಮ ಸಭೆಯ ಹಿರಿಯರಲ್ಲಿ ಒಬ್ಬನು. ನನ್ನ ಮಗಳ ಮಗಳು ಕರುಣಾ ಕೋಲಾರದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಕಳೆದ ವರ್ಷ ಮಾಲೂರಿನ ಸೇವಾಸಂಸ್ಥೆಯೊಂದು ಕ್ರೈಸ್ತ ವಿದ್ಯಾರ್ಥಿಗಳ ತಂಡವನ್ನು ಪೂರ್ವ ಆಫ್ರಿಕದ ಒಂದು ದೇಶಕ್ಕೆ ಸೇವೆಗೆಂದು ಕಳುಹಿಸಿತು. ಅಲ್ಲಿನ ಹಳ್ಳಿಯ ಆಸ್ಪತ್ರೆಯಲ್ಲಿ, ಸೊರಗಿದ ಮಕ್ಕಳ ವಾರ್ಡಿನಲ್ಲಿ ತಿಂಗಳ ಕಾಲ ದುಡಿಯುವುದು ಅವರ ಕೆಲಸ. ಕರುಣಾಳೊಂದಿಗೆ ಅವಳ ಸಹಪಾಠಿ, ಶ್ರೀನಿವಾಸಪುರದ ಶೀಬಾಳೂ ಹೊರಟಳು. ಸಂಸ್ಥೆಯ ಸಂಚಾಲಕ ಪ್ರಭಾಕರ ಎಂಬುವನು. ಅವನು ಮಾಲೂರಿನ ಕಚೇರಿಯಲ್ಲಿ ಕುಳಿತೇ ತಂಡವನ್ನು ನಡೆಸುತ್ತಿದ್ದನು.

ಸೊರಗಿದ ಮಕ್ಕಳು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಮ್ಮ ಸಭೆಯ ಸ್ತ್ರೀಯರ ಕೂಟದವರು ರಾಗಿ ನೆನೆಹಾಕಿದರು. ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುವಾದ ಬಟ್ಟೆಯಲ್ಲಿ ಸೋಸಿದ ಹಿಟ್ಟು ಅದು. ನಮ್ಮ ಸೀಮೆಯ ಎಳೆಗೂಸುಗಳಿಗೆ ಅದನ್ನು ಗಂಜಿಯಂತೆ ಕಾಯಿಸಿದ ಸರಿಯೇ ಮೊದಲ ಅನ್ನ. ಇನ್ನು ಕಾಣಿಕೆ ಕೊಡುವುದರಲ್ಲಿ ನಮ್ಮ ಸಭೆಗೆ ತಲೆತಲಾಂತರದ ಒಂದು ಕಟ್ಟಳೆಯಿದೆ. ಕೊಯ್ಲಿನ ಹಬ್ಬದ ಧಾನ್ಯವಾಗಲಿ, ಬಡವರಿಗೆ ಕೊಡುವ ಅಕ್ಕಿಯಾಗಲಿ, ಚೀಲದ ಮೇಲೆ ನಾವು ಏನನ್ನೂ ಬರೆಯುವುದಿಲ್ಲ. ಕೊಟ್ಟವರ ಹೆಸರೂ ಇಲ್ಲ, ಕೊಟ್ಟ ವಸ್ತುವಿನ ಹೆಸರೂ ಇಲ್ಲ. ಬಿಳಿಯ ಬಟ್ಟೆಗೆ ಬಿಳಿಯ ದಾರದ ಹೊಲಿಗೆ, ಅಷ್ಟೇ.

ಚೀಲಗಳನ್ನು ಹೊಲಿಯುವಾಗ ಶೀಬಾ ಕೇಳಿದಳು: "ಆಂಟಿ, ಮೇಲೆ ರಾಗಿ ಅಂತಾದ್ರೂ ಬರೀಬೇಕಲ್ವಾ?"

ಕೂಟದ ಮುಂದಾಳು ಮರಿಯಮ್ಮ, ತೆಲುಗು ಗಡಿಯ ನಂಗಲಿ ಕಡೆಯ ಹೆಣ್ಣುಮಗಳು, ಸೂಜಿಯನ್ನು ನಿಲ್ಲಿಸದೆ ಹೇಳಿದಳು: "ಏಮ್ಮಾ, ದೇವರಿಗೆ ಓದಿ ಹೇಳ್ಬೇಕಾ? ಸುಮ್ನೆ ಪೆಟ್ಟಿಗೇಲಿಡು, ತಲ್ಲಿ."

ಎಲ್ಲ ಚೀಲಗಳೂ ಕರುಣಾಳ ಪೆಟ್ಟಿಗೆಯನ್ನೇ ಸೇರಿದವು. ಉಳಿದವರ ಪೆಟ್ಟಿಗೆಗಳಲ್ಲಿ ಜಾಗವಿರಲಿಲ್ಲ. ಅವುಗಳ ತುಂಬ ಸಂಸ್ಥೆಯ ಹೆಸರು ಅಚ್ಚೊತ್ತಿದ ಅಂಗಿಗಳೂ ಬ್ಯಾನರುಗಳೂ ಇದ್ದವು. ಹೊರಡುವ ಹಿಂದಿನ ಭಾನುವಾರ ಪ್ರಭಾಕರನು ನಮ್ಮ ಆಲಯಕ್ಕೆ ಬಂದು, ಆ ಬಿಳಿಯ ಚೀಲಗಳ ಮೇಲೆಯೇ ಕೈಯಿಟ್ಟು, ಈ ಹಿಟ್ಟು ಅನೇಕ ಶಿಶುಗಳ ಪ್ರಾಣವನ್ನು ಉಳಿಸಲಿ ಎಂದು ಕಣ್ಣುಮುಚ್ಚಿ ಪ್ರಾರ್ಥಿಸಿದನು. ಅದರ ಫೋಟೋವನ್ನೂ ತೆಗೆಸಿಕೊಂಡನು. ಓದುಗರು ಇದನ್ನು ನೆನಪಿನಲ್ಲಿಡಬೇಕು.

ತಂಡವು ಅಲ್ಲಿ ಇಳಿದ ದಿನ ನಾನು ಊಟಕ್ಕೆ ಕುಳಿತಿದ್ದೆ. ಶೀಬಾಳ ಕರೆ ಬಂತು.

"ತಾತಾ, ಏರ್‌ಪೋರ್ಟಲ್ಲಿ ಕಸ್ಟಮ್ಸ್‌ನೋರು ಕರುಣಾನ ಒಳಗೆ ಕೂರ್ಸಿದಾರೆ. ಚೀಲ ಕುಯ್ದು ನೋಡಿ, ಇದೇನೋ ಮಾದಕ ಪುಡಿ ಅಂತಿದಾರೆ. ಪರೀಕ್ಷೆಗೆ ಕಳಿಸ್ತಾರಂತೆ, ಅದು ಬರೋವರ್ಗೂ ಪೊಲೀಸ್ ಕಸ್ಟಡೀಲಿ ಇಡ್ತಾರಂತೆ."

"ತಂಡದವರೆಲ್ಲ ಎಲ್ಲಿದ್ದಾರಮ್ಮ?"

"ಹೊರಟೋದ್ರು ತಾತಾ. ಪ್ರಭಾಕರ್ ಅಂಕಲ್ ಫೋನ್ ಮಾಡಿ, ಆ ಪೆಟ್ಟಿಗೆಗೂ ನಮ್ಗೂ ಸಂಬಂಧ ಇಲ್ಲ ಅನ್ನಿ, ವ್ಯಾನ್ ಹತ್ತಿ ಅಂದ್ರಂತೆ. ನಾನು ಹತ್ಲಿಲ್ಲ. ಬಾಗ್ಲ ಮುಂದೇನೆ ಕೂತಿದೀನಿ. ಅವ್ಳು ಬರೋವರ್ಗೂ ಏಳಲ್ಲ."

ನಾನು ಊಟ ಬಿಟ್ಟು ಎದ್ದೆ. ಹದಿಹರೆಯಕ್ಕೆ ಕಾಲಿಟ್ಟಂದಿನಿಂದ ರೋಗಿಗಳ ಸೇವೆಯೊಂದನ್ನೇ ಬಯಸಿದ ಹುಡುಗಿ. ಪರದೇಶದಲ್ಲಿ ಇಂಥ ಆರೋಪ ಅಂಟಿದರೆ ನರ್ಸ್ ಆಗುವುದಿರಲಿ, ಅವಳು ಸೆರೆಮನೆಯಿಂದ ಹೊರಬರುವುದೇ ಎಂದೋ.

ನಾನು ಸಭೆಯ ಇನ್ನೊಬ್ಬ ಹಿರಿಯರ ಮನೆಗೆ ಓಡಿದೆ. ಸಂಜೆಯ ಕೂಟದಲ್ಲಿ ಕರುಣಾಳಿಗಾಗಿ ಪ್ರಾರ್ಥಿಸಬೇಕೆಂದು ಕೇಳಿದೆ. ಅವರು ಬಾಗಿಲಲ್ಲೇ ನಿಂತು, "ನಿಜ ಏನೂಂತ ಗೊತ್ತಾಗ್ಲಿ ಪಂಡಿತರೇ. ಈಗ್ಲೇ ಹೆಸ್ರು ಹಿಡಿದು ಪ್ರಾರ್ಥನೆ ಬೇಡ, ಸಭೆಗೆ ಕಳಂಕ" ಎಂದರು. ಸಹೋದರರೇ, ನಾನು ಕೇಳುತ್ತೇನೆ: ನಿಜ ಗೊತ್ತಾದ ಮೇಲೆ ಪ್ರಾರ್ಥನೆ ಯಾರಿಗೆ ಬೇಕು? ದಡ ಸೇರಿದವನಿಗೆ ಹಗ್ಗ ಎಸೆಯುವುದೂ ಒಂದು ಧರ್ಮವೇ?

ಪ್ರಭಾಕರನನ್ನು ಕಾಣಲು ನನ್ನ ಜೊತೆಗೆ ಮಾಲೂರಿಗೆ ಬಂದವರು ನಮ್ಮ ಸಭೆಯವರಲ್ಲ. ಪಕ್ಕದ ಮನೆಯ ಶ್ರೀಕಂಠಯ್ಯನವರು, ನಿವೃತ್ತ ಲೆಕ್ಕಿಗರು. ಅಂಗಿಯ ಗುಂಡಿಯನ್ನೂ ಸರಿಯಾಗಿ ಹಾಕಿಕೊಳ್ಳದೆ ಬಸ್ ನಿಲ್ದಾಣಕ್ಕೆ ಬಂದರು. ಕೋಲಾರದಲ್ಲಿ ಬಸ್ಸು ಬದಲಾಯಿಸುವಾಗ, "ನಿಮ್ ದೇವರಿಗೆ ನೀವು ಹೇಳಿ. ಕುರುಡುಮಲೆ ಗಣಪತಿಗೆ ನಾನು ಆಗ್ಲೇ ಹೇಳಿಟ್ಟಿದೀನಿ. ದೊಡ್ಡ ಕಿವಿ, ಚೆನ್ನಾಗಿ ಕೇಳ್ಸುತ್ತೆ" ಎಂದರು. ಆ ಸಂಕಟದಲ್ಲೂ ನನಗೆ ನಗು ಬಂತು.

ಪ್ರಭಾಕರನು ಕಚೇರಿಯಲ್ಲೇ ಇದ್ದನು. ಗೋಡೆಯ ಮೇಲೆ ಅವನದೇ ಚಿತ್ರಗಳು. "ಬನ್ನಿ ಪಂಡಿತರೇ, ಕೂತ್ಕೊಳ್ಳಿ. ಕಾಫಿ ತರಿಸ್ಲಾ?" ಎಂದನು.

"ಕಾಫಿ ಬೇಡಪ್ಪ. ಆ ಅಧಿಕಾರಿಗಳಿಗೆ ಒಂದು ಕರೆ ಮಾಡು. ಅದು ರಾಗಿಹಿಟ್ಟು, ಸಭೆಯವರು ಮಕ್ಕಳಿಗೆಂದು ಕೊಟ್ಟದ್ದು, ನಾನು ಬಲ್ಲೆ ಎಂದು ಹೇಳು. ಇಷ್ಟೇ ನಾನು ಕೇಳುವುದು."

"ಭಾವುಕರಾಗ್ಬೇಡಿ. ಸಂಸ್ಥೆ ಹೆಸ್ರು ಒಂದ್ಸಲ ಇದ್ರಲ್ಲಿ ಬಂದ್ರೆ ನಾಳೆ ಯಾವ ತಂಡಾನೂ ಹೋಗಕ್ಕಾಗಲ್ಲ. ದೊಡ್ಡ ಸೇವೆ ನೋಡ್ಬೇಕು ನಾವು."

"ಚೀಲದಲ್ಲಿ ಇದ್ದದ್ದೇನು ಎಂದು ನಿನಗೆ ತಿಳಿಯದೇ?"

ಅವನು ಮೇಜಿನ ಗಾಜನ್ನು ನೋಡುತ್ತ ಹೇಳಿದನು: "ನಾನು ಬಿಚ್ಚಿ ನೋಡಿಲ್ವಲ್ಲ, ಪಂಡಿತರೇ."

ಶ್ರೀಕಂಠಯ್ಯನವರು ಮೇಜಿನ ಮೇಲೆ ಕೈಯೂರಿದರು. "ಲೇ, ಮುದ್ದೆ ತಿಂದು ಬೆಳೆದೋನು ತಾನೇ ನೀನು? ರಾಗಿಹಿಟ್ಟಿಗೆ ಸಾಕ್ಷಿ ಹೇಳೋಕೆ ನಡುಗ್ತೀಯಲ್ಲೋ, ಇನ್ನು ದೇವರಿಗೆ ಏನ್ಲಾ ಸಾಕ್ಷಿ ಹೇಳ್ತೀಯ? ಎದ್ದೇಳಿ ಪಂಡಿತರೇ, ಇಲ್ಲಿ ನೀರೂ ಕುಡೀಬಾರ್ದು."

ಮರಳುವ ಬಸ್ಸಿನಲ್ಲಿ ಕಿಟಕಿಗೆ ಹಣೆಯೊತ್ತಿ ನಾನು ಪ್ರಾರ್ಥಿಸಿದೆ. ಅದು ವಿನಯದ ಪ್ರಾರ್ಥನೆಯಾಗಿತ್ತೆಂದು ಹೇಳಲಾರೆ. ಕರ್ತನೇ, ನಿನ್ನ ಹೆಸರನ್ನು ನಂಬಿ ಹೊರಟ ಮಗುವನ್ನು ನಿನ್ನ ಹೆಸರನ್ನು ಅಂಗಿಯ ಮೇಲೆ ಅಚ್ಚೊತ್ತಿಸಿಕೊಂಡವರು ದಾರಿಯಲ್ಲಿ ಬಿಟ್ಟುಹೋದರು. ಬಿಚ್ಚಿ ನೋಡಿಲ್ಲವೆಂದು ನೀನೂ ಅನ್ನುವೆಯಾ? ಆ ಚೀಲಗಳ ಮೇಲೆ ನಾವು ಏನನ್ನೂ ಬರೆಯದೆ ಇದ್ದದ್ದು ನಿನ್ನನ್ನು ನಂಬಿ. ನಿನಗೆ ಗೊತ್ತಿದೆಯೆಂದರೆ ಈಗ ಹೇಳು. ಅಲ್ಲಿ ಯಾರಿಗಾದರೂ ಹೇಳು. ಹೀಗೆ ನಾನು ನನ್ನ ದೇವರೊಡನೆ ವ್ಯಾಜ್ಯ ಹೂಡಿದೆ. ಪಕ್ಕದಲ್ಲಿ ಶ್ರೀಕಂಠಯ್ಯನವರು ನನ್ನ ಮೊಣಕೈಯನ್ನು ಹಿಡಿದುಕೊಂಡೇ ಕುಳಿತಿದ್ದರು.

ಬಸ್ಸು ಕೋಲಾರವನ್ನು ಮುಟ್ಟುವ ಮುನ್ನ ಫೋನು ಬಡಿದುಕೊಂಡಿತು. ಈ ಬಾರಿ ಕರುಣಾಳದೇ ದನಿ.

"ತಾತಾ, ಬಿಟ್ಬಿಟ್ರು! ಅಳ್ಬೇಡ ತಾತಾ, ಕೇಳು."

ಅವಳು ಹೇಳಿದ್ದು ಇದು. ಅಲ್ಲಿನ ಮೇಲಧಿಕಾರಿ ಗಂಭೀರ ಮುಖದ ಒಬ್ಬ ಹಿರಿಯ ಹೆಂಗಸು. ಅವಳ ಆಣತಿಯಂತೆ ಪೊಲೀಸರೂ ಬಂದು ನಿಂತಿದ್ದರು. ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಕರುಣಾ, ಅಧಿಕಾರಿಗಳು ಚಹಾಕ್ಕೆಂದು ಇಟ್ಟುಕೊಂಡಿದ್ದ ಕೆಟಲ್ ಅನ್ನು ತೋರಿಸಿ, "ಸ್ವಲ್ಪ ಬಿಸಿನೀರು ಕೊಡಿ. ಇದು ಮಾದಕ ಪುಡಿಯಲ್ಲವೆಂದು ನಿಮ್ಮೆದುರಿಗೆ ನಾನೇ ಕುಡಿದು ತೋರಿಸುತ್ತೇನೆ" ಎಂದು ಬೇಡಿಕೊಂಡಳು. ಒಪ್ಪಿದರು. ಬಿಸಿನೀರಿಗೆ ರಾಗಿಹಿಟ್ಟನ್ನು ನೇರವಾಗಿ ಹಾಕಿದರೆ ಗಂಟು ಕಟ್ಟುತ್ತದೆ. ನಮ್ಮ ಮನೆಗಳಲ್ಲಿ ಮೊದಲು ತಣ್ಣೀರಿನಲ್ಲಿ ಕದಡಿ, ಆಮೇಲೆ ಕುದಿನೀರನ್ನು ಸುರಿಯುತ್ತಾರೆ. ಕರುಣಾ ಅಜ್ಜಿ ಕಲಿಸಿದ ಹಾಗೆಯೇ ಲೋಟದಲ್ಲಿ ತಣ್ಣೀರು ಹಾಕಿ ಬೆರಳಿನಿಂದ ಕದಡತೊಡಗಿದಳು.

"ಆವಮ್ಮ ಸುಮ್ನೆ ನನ್ ಬೆರಳನ್ನೇ ನೋಡ್ತಿದ್ರು ತಾತಾ. ಬಿಸಿನೀರು ಹುಯ್ದೆ ನೋಡು, ಘಮ ಅಂತು. ಎದ್ದು ಬಂದು ಲೋಟ ಕಿತ್ಕೊಂಡ್ರು. ಮೂಸಿದ್ರು. ಕುಡ್ದೇ ಬಿಟ್ರು, ಪೂರ್ತಿ! ಆಮೇಲೆ, ಇದು ನಮ್ಮಮ್ಮ ಮಾಡ್ತಿದ್ದ ಗಂಜಿ, ನಿಮಗ್ಯಾರು ಕಲಿಸಿದ್ದು ಅಂದ್ರು. ನಮ್ಮಜ್ಜಿ ಅಂದೆ."

ಆ ಸೀಮೆಯಲ್ಲಿಯೂ ರಾಗಿಯೇ ಅಜ್ಜಿಯರ ಧಾನ್ಯ. ಅಲ್ಲಿಯೂ ಅದನ್ನು ಮೊಳಕೆ ಬರಿಸಿ ಬೀಸಿ, ಹಾಗೆಯೇ ತಣ್ಣೀರಿನಲ್ಲಿ ಕದಡಿ ಶಿಶುಗಳಿಗೆ ಕಾಯಿಸುತ್ತಾರೆ. ನಮ್ಮಲ್ಲಿ ಒಬ್ಬರಿಗೂ ಇದು ತಿಳಿದಿರಲಿಲ್ಲ. ಆ ತಾಯಿ ನಿಯಮದಂತೆ ಒಂದು ಚೀಲವನ್ನು ಪರೀಕ್ಷೆಗೆ ಇರಿಸಿಕೊಂಡು, ಮಿಕ್ಕವನ್ನು ತಾನೇ ಪೆಟ್ಟಿಗೆಗೆ ತುಂಬಿ, ಬಾಗಿಲು ತೆರೆದಳು. ಹೊರಗೆ ಶೀಬಾ ನೆಲದ ಮೇಲೆ ಕುಳಿತೇ ಇದ್ದಳು.

ಶ್ರೀಕಂಠಯ್ಯನವರು ಬಸ್ಸಿನಲ್ಲೇ ಕಣ್ಣೊರೆಸಿಕೊಂಡು, "ರಾಗಿ ಆ ಕಡೆಯಿಂದ್ಲೇ ನಮ್ ಕಡೆ ಬಂದಿದ್ದು ಅಂತ ಎಲ್ಲೋ ಓದಿದ್ದೆ ಕಣ್ರೀ. ತವರಿಗೇ ಕಳ್ಸಿದೀರ, ಅದಕ್ಕೇ ಗುರ್ತು ಹಿಡಿದ್ರು" ಎಂದರು. ಕೊಡಲು ಹೋಗುತ್ತಿದ್ದೇವೆಂದು ನಾವು ಉಬ್ಬಿದ್ದೆವು. ಕರ್ತನು ಎಂದೋ ಅವರ ಕೈಯಿಂದ ನಮಗೆ ಕೊಡಿಸಿದ್ದನ್ನೇ ನಾವು ಹಿಂದಿರುಗಿಸುತ್ತಿದ್ದೆವು. ಬರಹವಿಲ್ಲದ ಚೀಲವನ್ನು ಘಮದಿಂದ ಓದಬಲ್ಲ ಒಬ್ಬಳನ್ನು ಆ ಕುರ್ಚಿಯಲ್ಲಿ ಕೂರಿಸಿಟ್ಟವನು ಅವನೇ. ಇದನ್ನು ಆಕಸ್ಮಿಕವೆನ್ನುವವರು ಅನ್ನಲಿ, ನಾನು ಉತ್ತರವೆನ್ನುತ್ತೇನೆ.

ಹುಡುಗಿಯರಿಬ್ಬರೂ ಆಸ್ಪತ್ರೆಯನ್ನು ಸೇರಿ, ತಿಂಗಳ ಸೇವೆಯನ್ನು ಮುಗಿಸಿ ಸುಖವಾಗಿ ಮರಳಿದರು. ಕೃತಜ್ಞತಾ ಆರಾಧನೆಗೆ ಪ್ರಭಾಕರನೂ ಬಂದನು. ಬರಿಗೈಯಲ್ಲಲ್ಲ, ದೊಡ್ಡ ಬ್ಯಾನರಿನೊಂದಿಗೆ. ಅದರಲ್ಲಿ ಸಂಸ್ಥೆಯ ಹೆಸರಿನ ಕೆಳಗೆ, ಕರುಣಾ ಒಂದು ಕೂಸಿಗೆ ಬಟ್ಟಲಿನಿಂದ ತಿನ್ನಿಸುತ್ತಿರುವ ಚಿತ್ರ. ನಮ್ಮ ಸಂಸ್ಥೆಯ ಮೇಲೆ ದೇವರು ಸುರಿಸಿದ ಕೃಪೆ ಎಂದು ಅವನು ಸಾಕ್ಷಿ ಆರಂಭಿಸಿದನು. ಕರುಣಾ ನನ್ನ ಪಂಚೆಯನ್ನು ಎಳೆದು, "ತಾತಾ, ಕೂತ್ಕೊ, ಬೇಡ" ಎಂದಳು. ನಾನು ಎದ್ದು ನಿಂತೆ.

"ಪ್ರಭಾಕರ, ಆ ಬಟ್ಟಲಿನಲ್ಲಿ ಇರುವುದೇನಪ್ಪ?"

"ರಾಗಿ ಸರಿ, ಪಂಡಿತರೇ."

"ಈಗ ಬಿಚ್ಚಿ ನೋಡಿದೆಯೋ?"

ಅವನು ಸಾಕ್ಷಿಯನ್ನು ಮುಂದುವರಿಸಲಿಲ್ಲ. ಹಿಂದಿನ ಸಾಲಿನಿಂದ ಮರಿಯಮ್ಮ, "ಸಾಕು ಪಂಡಿತರೇ, ಪಾಪ, ಕೂತ್ಕೊಳ್ಳಿ" ಎಂದಳು, ಕುಳಿತೆ. ಈಗ ಸ್ತ್ರೀಯರ ಕೂಟದವರು ಚೀಲದ ಮೇಲೆ ಒಳಗಿರುವುದರ ಹೆಸರನ್ನು ದಪ್ಪಕ್ಷರದಲ್ಲಿ ಬರೆಯುತ್ತಾರೆ. ಕೊಟ್ಟವರ ಹೆಸರನ್ನು ಈಗಲೂ ಬರೆಯುವುದಿಲ್ಲ.

ಕರ್ತನೇ, ರಾಗಿಯನ್ನು ಬೀಸಿದ ಕೈಗಳನ್ನು ಆಶೀರ್ವದಿಸು. ಬಾಗಿಲ ಮುಂದಿನಿಂದ ಏಳದ ಶೀಬಾಳನ್ನು, ಲೋಟವನ್ನು ಬರಿದು ಮಾಡಿದ ಆ ತಾಯಿಯನ್ನು, ನನ್ನ ಮೊಣಕೈಯನ್ನು ಬಿಡದ ಶ್ರೀಕಂಠಯ್ಯನವರನ್ನು ಆಶೀರ್ವದಿಸು. ನಿಜ ತಿಳಿಯಲೆಂದು ಕಾದ ನಮ್ಮ ಹಿರಿಯರನ್ನೂ ಆಶೀರ್ವದಿಸು. ಪ್ರಭಾಕರನನ್ನೂ ಬಿಡಬೇಡ, ತಂದೆಯೇ. ಮುಚ್ಚಿದ ಬಾಗಿಲೊಂದರ ಮುಂದೆ ಅವನನ್ನು ಸ್ವಲ್ಪ ಹೊತ್ತು ನೆಲದ ಮೇಲೆ ಕೂರಿಸು. ಆಮೇಲೆ, ನಮ್ಮೆಲ್ಲರಿಗೂ ಮಾಡಿದ ಹಾಗೆಯೇ, ಅವನಿಗೂ ಬಾಗಿಲನ್ನು ತೆರೆ. ಆಮೆನ್.