ಗಿಟಾರಿಗೆ ಕೋಳಿ ಕುಯ್ದ ವರ್ಷ

ನಮ್ಮ ಮನೆಯಲ್ಲಿ ಮಾತು ಮುಗಿಯುವ ಮೊದಲೇ ಕೈ ಎದ್ದಿರುತ್ತದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ಕೆಲವರ ಮನೆಯಲ್ಲಿ ಎಲ್ಲರಿಗೂ ಸಕ್ಕರೆ ಕಾಯಿಲೆ ಇರುವ ಹಾಗೆ ನಮ್ಮಲ್ಲಿ ಇದು ಇದೆ. ಅಣ್ಣನ ಹುಬ್ಬಿನ ಮೇಲಿರುವ ಗಾಯದ ಗುರುತು ನಾನು ಎಸೆದ ಸ್ಟೀಲ್ ಚೊಂಬಿನದು. ನನ್ನ ಮುಂದಿನ ಹಲ್ಲು ಅರ್ಧವಾಗಿರುವುದು ಅವನ ಮೊಣಕೈಯಿಂದ. ಅಪ್ಪ ಇದ್ದಾಗ ನಮ್ಮಿಬ್ಬರನ್ನೂ ಒಟ್ಟಿಗೆ ಚಚ್ಚಿ ಜಗಳ ಬಿಡಿಸುತ್ತಿದ್ದ. ಅವನು ಹೋದ ಮೇಲೆ ಆ ಕೆಲಸ ಅವ್ವನ ತಲೆಗೆ ಬಂತು.

ಅಬ್ಬಿಗೆರೆಯಲ್ಲಿ ನಮ್ಮದು ಹಳೇ ಮನೆತನ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾವೇ ಕಟ್ಟಿಸಿದ ಬಾಡಿಗೆ ಮನೆಗಳಿವೆ. ಅಣ್ಣ ನೀರಿನ ಟ್ಯಾಂಕರ್‌ಗಳನ್ನೂ ಒಂದು ಜೆಸಿಬಿಯನ್ನೂ ಓಡಿಸುತ್ತಾನೆ. ನಾನು ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ನಮ್ಮ ಬ್ಯಾಂಡಿನದು ಕಿರುಚುವ, ಗುದ್ದುವ ಸಂಗೀತ. ಅದರಿಂದ ಹೊಟ್ಟೆ ತುಂಬುವುದಿಲ್ಲವಾದ್ದರಿಂದ ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡಿರುವ ಕಾಲೇಜು ಹುಡುಗರಿಗೆ ಪಾಠ ಹೇಳುತ್ತೇನೆ. ಅಣ್ಣನ ಪ್ರಕಾರ ಅದು ಸಂಗೀತವೇ ಅಲ್ಲ. "ತಗಡಿನ ಮ್ಯಾಲೆ ಜಲ್ಲಿ ಸುರಿದಂಗೈತೆ" ಅನ್ನುತ್ತಿದ್ದ, ಅದೂ ನನ್ನ ಸ್ನೇಹಿತರ ಮುಂದೆ.

ಆಯುಧಪೂಜೆಗೆ ನಮ್ಮಲ್ಲಿ ಅಪ್ಪನ ಕಾಲದಿಂದಲೂ ಒಂದು ಕಟ್ಟುನಿಟ್ಟಿದೆ. ಮನೆಗೆ ಅನ್ನ ತರುವ ವಸ್ತುವಿಗೆ ಮಾತ್ರ ಪೂಜೆ. ಟ್ಯಾಂಕರ್, ಜೆಸಿಬಿ, ಬೋರ್‌ವೆಲ್ಲಿನ ಮೋಟರ್, ಗುದ್ದಲಿ, ಕುಡುಗೋಲು ಎಲ್ಲವನ್ನೂ ತೊಳೆದು ಅಂಗಳದಲ್ಲಿ ಸಾಲಾಗಿ ನಿಲ್ಲಿಸುತ್ತೇವೆ. ಅರಿಶಿನ, ಕುಂಕುಮ, ವಿಭೂತಿ, ಚೆಂಡುಹೂವು. ಬೂದುಗುಂಬಳ ಒಡೆಯುತ್ತೇವೆ. ಕೊನೆಗೆ ಹುಂಜ ಕುಯ್ದು ಅದರ ರಕ್ತವನ್ನು ಚಕ್ರಗಳಿಗೆ ಹಾಕುತ್ತೇವೆ. ಹಿಂದೊಮ್ಮೆ ನಾನೇ ಗಿಟಾರನ್ನು ತಂದು ಆ ಸಾಲಿನಲ್ಲಿ ಇಟ್ಟಿದ್ದೆ. ಅಣ್ಣ ಅದರ ಕುತ್ತಿಗೆ ಹಿಡಿದು ಎತ್ತಿ ಜಗಲಿಯ ಮೇಲಿಟ್ಟು, "ಆಟದ ಸಾಮಾನಿಗೆಲ್ಲ ಪೂಜೆ ಇಲ್ಲ" ಅಂದಿದ್ದ. ಅವತ್ತು ಅವನ ಅಂಗಿ ಹರಿದೆ. ಆದರೆ ಆ ಮಾತು ಮಾತ್ರ ನನ್ನೊಳಗೆ ಹಾಗೇ ಉಳಿಯಿತು.

ಈಗ ಹೇಳುತ್ತಿರುವ ವರ್ಷ ಹೂವು ತರಲು ನಾನು ಬೆಳಿಗ್ಗೆಯೇ ಯಶವಂತಪುರಕ್ಕೆ ಹೋಗಿದ್ದೆ. ಹಬ್ಬದ ಟ್ರಾಫಿಕ್ಕಿನಲ್ಲಿ ಸಿಕ್ಕಿ ವಾಪಸು ಬರುವಷ್ಟರಲ್ಲಿ ಪೂಜೆ ಮುಗಿಯುತ್ತ ಬಂದಿತ್ತು. ದೊಡ್ಡ ಟ್ಯಾಂಕರಿನ ಬಂಪರಿಗೆ ಒರಗಿಸಿ ನನ್ನ ಗಿಟಾರನ್ನು ನಿಲ್ಲಿಸಿದ್ದರು. ಮೈತುಂಬ ಮೂರು ಪಟ್ಟೆ ವಿಭೂತಿ. ಅಣ್ಣನ ಕೈಯಲ್ಲಿ ಕತ್ತು ಕುಯ್ದ ಹುಂಜ ಇನ್ನೂ ಒದ್ದಾಡುತ್ತಿತ್ತು. ಅವನು ಅದನ್ನು ತಂತಿಗಳ ಮೇಲೆ ಹಿಡಿದು, ರಕ್ತ ಸುರಿಸಿ, ನನ್ನ ಕಡೆ ತಿರುಗಿ ನಕ್ಕ.

"ಈ ಸಲ ನಿಂದೂ ಇಕ್ಕಿದ್ದೀನಿ ನೋಡ್ಲಾ. ಕೊಳೆ ಇಲ್ದಂಗೆ ತೊಳ್ದಿದ್ದೀನಿ."

ತೊಳೆದಿದ್ದ. ಜೆಸಿಬಿಯ ಬಕೆಟ್ಟಿಗೆ ಅಂಟಿದ ಒಣಮಣ್ಣು ಹಾರಿಸಲು ಇಟ್ಟಿರುವ ಪ್ರೆಷರ್ ಪಂಪಿನಲ್ಲಿ ತೊಳೆದಿದ್ದ. ಎಲೆಕ್ಟ್ರಿಕ್ ಗಿಟಾರಿನ ಜೀವ ಇರುವುದು ಮರದಲ್ಲಲ್ಲ, ತಂತಿಗಳ ಕೆಳಗೆ ಕೂರಿಸಿರುವ ಪಿಕಪ್‌ಗಳಲ್ಲಿ. ಅಯಸ್ಕಾಂತಕ್ಕೆ ಕೂದಲಿಗಿಂತ ತೆಳುವಾದ ತಾಮ್ರದ ತಂತಿ ಸುತ್ತಿ ಮಾಡಿದ ವಸ್ತು ಅದು; ತಂತಿಯ ನಡುಕ ಹಿಡಿದು ಸ್ಪೀಕರಿಗೆ ಕಳಿಸುವುದು ಅದೇ. ಆ ಪಿಕಪ್‌ಗಳ ಅಂಚಿನಿಂದ ಅರಿಶಿನದ ನೀರೂ ಹುಂಜದ ರಕ್ತವೂ ತೊಟ್ಟಿಕ್ಕುತ್ತಿದ್ದವು.

ಅಣ್ಣ ಕೊನೆಗೂ ನನ್ನ ಕೆಲಸವನ್ನು ಕೆಲಸ ಅಂತ ಒಪ್ಪಿದ್ದಾನೆ ಎಂಬುದು ನನಗೆ ಆ ಕ್ಷಣ ಹೊಳೆಯಲೇ ಇಲ್ಲ. ಕಂಡದ್ದು ನೀರು ಮಾತ್ರ. ಮೈ ಉರಿದುಹೋಯಿತು. ಕಾಲೆತ್ತಿ ಆರತಿ ತಟ್ಟೆಯನ್ನು ಒದ್ದೆ. ಅದು ಹಾರಿ ಟ್ಯಾಂಕರಿನ ಮೇಲಿಟ್ಟಿದ್ದ ಅಪ್ಪನ ಫೋಟೋಗೆ ಬಡಿದು ಗಾಜು ಚೂರಾಯಿತು.

ಆಮೇಲಿನದು ಹಬ್ಬ ಅಲ್ಲ. ಅಣ್ಣ ಹುಂಜವನ್ನು ಬಿಸಾಡಿ ನನ್ನ ಮೇಲೆ ಬಿದ್ದ. ನಾನು ಅವನ ಹೊಟ್ಟೆಗೆ ಗುದ್ದಿದೆ, ಮೂಗಿಗೆ ಗುದ್ದಿದೆ, ಕೂದಲು ಹಿಡಿದು ಬಂಪರಿಗೆ ಎಳೆದೆ. ಕುಂಬಳಕಾಯಿಯ ತಿರುಳಿನ ಮೇಲೆ ಇಬ್ಬರೂ ಜಾರಿ ಬಿದ್ದೆವು. ಅವನು ಮೊದಲು ಎದ್ದ. ನನ್ನ ಎದೆಯ ಮೇಲೆ ಕೂತು, ಎರಡೂ ಅಂಗೈಗಳನ್ನು ಅಗಲಿಸಿ, ನನ್ನ ಎರಡೂ ಕಿವಿಗಳಿಗೆ ಒಟ್ಟಿಗೆ ಅಪ್ಪಳಿಸಿದ.

ತಲೆಯೊಳಗೆ ಟೈರು ಸಿಡಿದ ಹಾಗಾಯಿತು. ಅಣ್ಣನ ಬಾಯಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅವ್ವ ಓಡಿಬಂದು ಅದೇ ಪ್ರೆಷರ್ ಪಂಪು ಹಾಕಿ ನಮ್ಮಿಬ್ಬರ ಮೇಲೂ ನೀರು ಬಿಟ್ಟಳು. ನೀರಿನ ಹೊಡೆತಕ್ಕೆ ಬೇರೆಯಾದೆವು. ನನ್ನ ಎಡಗಿವಿಯಿಂದ ಇಳಿಯುತ್ತಿದ್ದ ರಕ್ತವನ್ನು ಎಲ್ಲರೂ ಕುಂಕುಮ ಅಂದುಕೊಂಡರು.

ಯಲಹಂಕದ ಕಿವಿ ಡಾಕ್ಟರ ಹತ್ತಿರ ಅಣ್ಣನೇ ಕರೆದುಕೊಂಡು ಹೋದ. ಎಡಗಿವಿಯ ತಮಟೆ ಹರಿದಿತ್ತು, ಬಲಗಿವಿಗೂ ಒಳಗೆ ಪೆಟ್ಟಾಗಿತ್ತು. ಕಿವಿಗೆ ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿದಾಗ ದಪ್ಪ ಸದ್ದುಗಳಿಗೆ ಕೈ ಎತ್ತಿದೆ. ಸದ್ದು ತೆಳುವಾಗಿ ಕೀಚಲಾಗುತ್ತ ಹೋದಂತೆ ನನ್ನ ಕೈ ತೊಡೆಯ ಮೇಲೇ ಉಳಿಯಿತು. ಗಾಜಿನ ಆಚೆ ನಿಂತಿದ್ದ ಅಣ್ಣ ಆ ಕೈಯನ್ನೇ ನೋಡುತ್ತಿದ್ದ.

"ತಮಟೆ ಕೂಡಿಕೊಳ್ಳುತ್ತೆ. ಈ ಸಣ್ಣ ಸ್ವರಗಳು ವಾಪಸ್ ಬರಬಹುದು, ಬರದೇನೂ ಇರಬಹುದು," ಅಂದರು ಡಾಕ್ಟರು. "ಏನು ಕೆಲಸ ಮಾಡ್ತೀರಿ ನೀವು?"

ಅಣ್ಣ ಹೇಳಿದ. "ಮ್ಯೂಸಿಕ್ಕು ಸಾರ್." ಅವನ ಬಾಯಿಂದ ಆ ಪದ ಬಂದದ್ದು ಅದೇ ಮೊದಲು. ಆ ಕ್ಷಣದಲ್ಲಿ ಅವನ ಮೂತಿಗೆ ಗುದ್ದಬೇಕು ಅನ್ನಿಸಿತು.

ಗಿಟಾರು ಒಣಗಿದ ಮೇಲೆ ಸ್ಪೀಕರಿಗೆ ಹಾಕಿ ನೋಡಿದೆ. ಒಂದು ಪಿಕಪ್ ಪೂರ್ತಿ ಸತ್ತಿತ್ತು, ಇನ್ನೊಂದು ಗೊರಗೊರ ಅನ್ನುತ್ತಿತ್ತು. ಹೊಸದು ಹಾಕಿಸದೆ ಬೇರೆ ದಾರಿ ಇರಲಿಲ್ಲ. ಕಿವಿಯ ಹತ್ತಿ ತೆಗೆದ ವಾರ ಅಣ್ಣ ಕಾರಿನ ಬಾಗಿಲು ತೆಗೆದು, "ಬಾ, ಅದೇನು ಬೇಕೋ ತಗೊಳ್ಳಾನ" ಅಂದ. ಹೋದೆವು. ಆರ್.ಟಿ. ನಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಅಂಗಡಿ. ಅಂಗಡಿಯವನು ಬಾಯಿಬಡುಕ. ಸತ್ತ ಪಿಕಪ್ಪನ್ನು ಬಿಚ್ಚಿ ಟ್ಯೂಬ್‌ಲೈಟಿಗೆ ಹಿಡಿದ.

"ಏನ್ ಗುರು ಇದು? ಇದರ ಮೇಲೆ ಕೋಳಿ ಗೀಳಿ ಕುಯ್ದಿದ್ದೀರಾ?"

"ಹೌದು," ಅಂದೆ.

ಅವನು ನಗಲು ಬಾಯಿ ತೆರೆದವನು ನಮ್ಮಿಬ್ಬರ ಮುಖ ನೋಡಿ ಮುಚ್ಚಿಕೊಂಡ.

ಪಿಕಪ್ಪಿನ ಆಯ್ಕೆ ಕಿವಿಯ ಕೆಲಸ. ಕಾಗದದ ಮೇಲೆ ಏನೇ ಬರೆದಿರಲಿ, ತಂತಿ ಮಿಡಿದು ಕೇಳಿಯೇ ತೀರ್ಮಾನ ಮಾಡಬೇಕು. ಅಂಗಡಿಯವನು ಎರಡು ಗಿಟಾರು ತಂದ, ಎರಡರಲ್ಲೂ ಬೇರೆ ಬೇರೆ ಜಾತಿಯ ಪಿಕಪ್ಪು. ಮೊದಲನೆಯದು ಹಳೇ ಕಾಲದ ಮೆದು ಅಯಸ್ಕಾಂತದ್ದು. ನುಡಿಸಿದೆ. ಸ್ವರಕ್ಕೆ ಕಂಬಳಿ ಹೊದಿಸಿದಂತಿತ್ತು, ತುದಿಯೇ ಇಲ್ಲ. ಎರಡನೆಯದು ಭಾರೀ ಸದ್ದಿನ ಸಂಗೀತಕ್ಕೆಂದೇ ಬಿಗಿಯಾಗಿ ಸುತ್ತಿದ್ದು. ಅದನ್ನು ನುಡಿಸಿದಾಗ ಸ್ವರ ಚೊಕ್ಕವಾಗಿ, ಸರಿಯಾಗಿ, ನನಗೆ ಗೊತ್ತಿದ್ದ ಹಾಗೆ ಕೇಳಿಸಿತು. ಸಂತೋಷದಿಂದ ತಲೆ ಎತ್ತಿದೆ.

ಅಂಗಡಿಯವನು ಎರಡೂ ಕಿವಿ ಮುಚ್ಚಿಕೊಂಡಿದ್ದ. ಅಣ್ಣನ ಮುಖ ಹಲ್ಲು ನೋವು ಬಂದವನ ಹಾಗೆ ಕಿವುಚಿಕೊಂಡಿತ್ತು. ಆದರೂ ಕಿವಿಗೆ ಕೈ ಹಚ್ಚಿರಲಿಲ್ಲ.

"ಇದು ವಿಪರೀತ ಶಾರ್ಪು ಗುರು. ಆಂಪ್ಲಿಫೈಯರಲ್ಲೂ ಸಣ್ಣ ಸ್ವರದ ಟ್ರೆಬಲ್ ಪೂರ್ತಿ ಎತ್ತಿದ್ದೀರ. ಮನೇಲಿ ನುಡಿಸಿದ್ರೆ ಪಕ್ಕದ್ಮನೆಯವರು ಹೊಡೀತಾರೆ," ಅಂದ ಅಂಗಡಿಯವನು.

ಆಗ ಅರ್ಥವಾಯಿತು. ಈ ಕೋಣೆಯಲ್ಲಿ ಒಂದು ಕಿರುಚಾಟ ನಡೆದಿದೆ, ಅದನ್ನು ಎಬ್ಬಿಸಿದವನು ನಾನು, ಕೇಳಿಸದೇ ಇರುವುದು ನನಗೊಬ್ಬನಿಗೆ. ಡಾಕ್ಟರು ಹೇಳಿದಾಗ ಆಗದ ಭಯ ಅಲ್ಲಿ ಆಯಿತು. ಇನ್ನು ಮುಂದೆ ಯಾವ ಹುಡುಗನಿಗೆ ಏನು ಕಲಿಸಲಿ? ಸ್ಟೇಜಿನ ಮೇಲೆ ಯಾವ ಧೈರ್ಯದಿಂದ ನಿಲ್ಲಲಿ? ಭಯ ನಮ್ಮ ಮನೆಯವರಲ್ಲಿ ಬಹಳ ಹೊತ್ತು ಭಯವಾಗಿ ಉಳಿಯುವುದಿಲ್ಲ.

"ಮೆತ್ತಗಿರೋದು ತಗಾ," ಅಂದ ಅಣ್ಣ. "ಕಿವಿ ಸರಿ ಹೋದ್ ಮ್ಯಾಲೆ ನಿಂಗೇ ಬೇಕಾಗ್ತದೆ."

"ಇದೇ ಬೇಕು," ಅಂದೆ. "ನಂಗೆ ಕೇಳ್ಸೋದು ಇದೊಂದೇ. ನಿನ್ನ ಕಿವಿ ಹರಿದು ಹೋಗ್ಲಿ."

ಅಂಗಡಿಯವನು ಕೆಲಸ ಇದ್ದವನಂತೆ ಒಳಗೆ ಹೋದ. ಅಣ್ಣ ಕೆಳಗಿಳಿದು ಬೇಕರಿಯ ಮುಂದೆ ನಿಂತುಕೊಂಡ. ಅದೇ ಪಿಕಪ್ ಹಾಕಿಸಿಕೊಂಡೇ ಬಂದೆ.

ಅವತ್ತಿನಿಂದ ಪ್ರತಿ ಸಂಜೆ ಅಣ್ಣ ಟ್ಯಾಂಕರುಗಳ ಲೆಕ್ಕ ಮುಗಿಸಿ ಮನೆಗೆ ಬರುವ ಹೊತ್ತಿಗೆ ಸರಿಯಾಗಿ ಕೂರುತ್ತಿದ್ದೆ. ಕೋಣೆಯ ಬಾಗಿಲು ತೆರೆದಿಟ್ಟು, ಸ್ಪೀಕರನ್ನು ಹಜಾರದ ಕಡೆ ತಿರುಗಿಸಿ, ಟ್ರೆಬಲ್ ಪೂರ್ತಿ ಎತ್ತಿ, ಅತಿ ಸಣ್ಣ ಸ್ವರಗಳನ್ನು ಹುಡುಕಿ ಹುಡುಕಿ ಮೀಟುತ್ತಿದ್ದೆ. ನನಗೆ ಅದು ಹದವಾಗಿ ಕೇಳುತ್ತಿತ್ತು. ಅವನಿಗೆ ಏನಾಗುತ್ತಿದೆ ಅಂತ ಅವನ ಮುಖದಲ್ಲಿ ಕಾಣುತ್ತಿತ್ತು, ಕಂಡಷ್ಟೂ ಕೈಗೆ ಹುರುಪು ಬರುತ್ತಿತ್ತು. ಅವ್ವ ಸೆರಗಿನಿಂದ ಕಿವಿ ಮುಚ್ಚಿಕೊಂಡು ಪಕ್ಕದ ಬೀದಿಯ ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದಳು. ಬೀದಿನಾಯಿಗಳು ಗೇಟಿನ ಮುಂದೆ ನಿಂತು ಊಳಿಡುತ್ತಿದ್ದವು. ಅಣ್ಣ ಟಿವಿ ಹಾಕುತ್ತಿರಲಿಲ್ಲ, ಎದ್ದು ಹೋಗುತ್ತಿರಲಿಲ್ಲ. ನಾನು ಗಿಟಾರು ಕೆಳಗಿಡುವವರೆಗೂ ಎದುರಿನ ಕುರ್ಚಿಯಲ್ಲಿ ದವಡೆ ಕಚ್ಚಿ ಕೂತಿರುತ್ತಿದ್ದ.

ಒಂದು ಸಂಜೆ ಮಹಡಿಯ ಬಾಡಿಗೆಯವನು ಇಳಿದು ಬಂದು, ಮಗು ಮಲಗುತ್ತಿಲ್ಲ, ಇದೇನು ಮನೆಯೋ ಕಾರ್ಖಾನೆಯೋ ಅಂತ ಕೂಗಾಡಿದ. ಅವನದು ನ್ಯಾಯವೇ. ಅಣ್ಣ ಎದ್ದು ಅವನ ಕಾಲರ್ ಹಿಡಿದು ಗೋಡೆಗೆ ಒತ್ತಿದ.

"ನನ್ ತಮ್ಮ ಬಾರಿಸ್ತಾನೆ. ಏನೀಗ? ನಿಂಗೆ ಆಗ್ದಿದ್ರೆ ಬೇರೆ ಕಡೆ ಓಗು."

ಆ ಮನುಷ್ಯನ ಚಪ್ಪಲಿ ಕಳಚಿ ಬಿದ್ದಿತ್ತು, ಮುಖ ಬಿಳಿಚಿತ್ತು. ಅಣ್ಣ ಅವನನ್ನು ಬಿಟ್ಟು ಬಂದು ಮತ್ತೆ ಕುರ್ಚಿಯಲ್ಲಿ ಕೂತು, ಕೈಯಿಂದ ಮುಂದುವರಿಸು ಅಂತ ಸನ್ನೆ ಮಾಡಿದ. ನನಗೆ ಇನ್ನೂ ಸಿಟ್ಟು ಬಂತು. ಶಿಕ್ಷೆ ಕೊಡುತ್ತಿರುವವನು ನಾನು, ಅದನ್ನು ಕಾವಲು ಕಾಯುತ್ತಿರುವವನು ಅವನು. ಅವತ್ತು ಬೆರಳು ಸೀಳುವವರೆಗೂ ನುಡಿಸಿದೆ.

ಸಂಕ್ರಾಂತಿ ಕಳೆದು ಬಿಸಿಲು ಏರತೊಡಗಿದ ದಿನಗಳು. ಎಂದಿನಂತೆ ಕೂತಿದ್ದೆ. ಅತಿ ತೆಳುವಾದ ತಂತಿಯನ್ನು ಅತಿ ಸಣ್ಣ ಸ್ವರ ಬರುವ ಜಾಗದಲ್ಲಿ ಒತ್ತಿ ಎಳೆದಾಗ ಬಲಗಿವಿಯೊಳಗೆ ಸೂಜಿ ಹೊಕ್ಕಂತಾಯಿತು. ತಂತಿ ಹರಿಯಿತೇನೋ ಅಂತ ನೋಡಿದೆ, ಹರಿದಿರಲಿಲ್ಲ. ಮತ್ತೆ ಎಳೆದೆ. ಮತ್ತೆ ಚುಚ್ಚಿತು, ಈ ಸಲ ಎಡಗಡೆಯೂ ಸ್ವಲ್ಪ. ಕೈ ತಾನಾಗಿ ನಿಂತುಹೋಯಿತು.

ಅಣ್ಣ ಎದ್ದು ಬಾಗಿಲಿಗೆ ಬಂದ. "ಯಾಕ್ಲಾ ನಿಲ್ಲಿಸ್ದೆ?"

"ಕಿವಿ ನೋಯ್ತಾ ಐತೆ."

ಅವನ ಮುಖದ ರಕ್ತವೆಲ್ಲ ಇಳಿಯಿತು. "ಮತ್ತೇನಾಯ್ತು? ನಡಿ, ಡಾಕ್ಟ್ರತ್ರ ಓಗಾನ. ಎದ್ದೇಳು."

"ಅದಲ್ಲಣ್ಣ. ಇದರ ಸದ್ದಿಗೆ ನೋಯ್ತಾ ಐತೆ. ಎಷ್ಟ್ ಕೆಟ್ಟದಾಗಿ ಕಿರುಚ್ತದೆ ಇದು! ಇಷ್ಟ್ ದಿನ ಎಂಗೆ ಕೂತಿದ್ದೆ ನೀನು?"

ಸಣ್ಣ ಸ್ವರ ನನ್ನ ಕಿವಿಗೆ ವಾಪಸು ಬಂದಿದೆ ಎಂಬುದು ಅವನಿಗೆ ಹೊಳೆಯಿತು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡ. ಹಿಡಿದುಕೊಂಡೇ ಕುಸಿದು ಹೊಸ್ತಿಲ ಮೇಲೆ ಕೂತ. ಅಪ್ಪನ ಹೆಣ ಎತ್ತಿದ ದಿನವೂ ಅಳದಿದ್ದವನು ಬಾಯಿಬಿಟ್ಟು ಅತ್ತ. ಎರಡೂ ಅಂಗೈಗಳಿಂದ ತನ್ನ ತಲೆಗೇ ಚಚ್ಚಿಕೊಳ್ಳತೊಡಗಿದ. ಗಿಟಾರು ಬದಿಗಿಟ್ಟು ಹೋಗಿ ಅವನ ಕೈಗಳನ್ನು ಹಿಡಿದೆ. ಬಿಡಿಸಿಕೊಳ್ಳಲು ಒದ್ದಾಡಿದ. ನನಗಿಂತ ಅವನಿಗೆ ಕಸುವು ಜಾಸ್ತಿ, ಆದರೂ ಬಿಡಲಿಲ್ಲ.

ಅವನ ಉಸಿರು ಹದಕ್ಕೆ ಬಂದ ಮೇಲೆ, ನಾಳೆ ಹೋಗಿ ಆ ಮೆತ್ತನೆಯದನ್ನೇ ಹಾಕಿಸಿಕೊಂಡು ಬರೋಣ ಅಂದೆ. ಅವನು ಮೂಗು ಒರೆಸಿಕೊಂಡು ತಲೆ ಆಡಿಸಿದ.

"ನಾಳೆ ಓಗಾನ. ಈಗ ಇನ್ನೊಂದ್ ಸಲ ಬಾರಿಸು. ನಿಂಗೆ ನಿಜವಾಗ್ಲೂ ಕೇಳ್ತೈತಾ ನೋಡಾನ."

ನುಡಿಸಿದೆ. ಇಬ್ಬರಿಗೂ ನೋಯಿತು.