ಹುಕ್ ಬೆಸೆದವನೇ ಕೂರಬೇಕು

ವೆಲ್ಡರ್ ಹುಡುಕುವುದು ಮಗನಿಗೆ ಹೆಣ್ಣು ಹುಡುಕುವುದಕ್ಕಿಂತ ಕಷ್ಟ. ಹೆಣ್ಣಿನ ಕಡೆಯವರು ಅವಲಕ್ಕಿ, ಚಹಾ ಆದರೂ ಕೊಡುತ್ತಾರೆ. ಇಲ್ಲಿ ಬಂದವನಿಗೆ ನಾನೇ ಚಹಾ ಕುಡಿಸಿ, ಕೊನೆಗೆ ಅವನಿಂದಲೇ ಮಾತು ಅನ್ನಿಸಿಕೊಳ್ಳಬೇಕು.

ಇಂಡಿ ಪಟ್ಟಣದಲ್ಲಿ ಕಬ್ಬಿನ ಟ್ರೇಲರ್ ಕಟ್ಟುವ ಶೆಡ್ಡು ನನ್ನದು. ವರ್ಷಗಟ್ಟಲೆ ನಾನೇ ಬೆಸೆದೆ. ಈಗ ಕಣ್ಣು ಮಂಜು. ಇನ್ನು ವೆಲ್ಡಿಂಗಿನ ಬೆಳಕಿನ ಕಡೆ ತಿರುಗಲೇಬೇಡಿ ಎಂದಿದ್ದಾರೆ ಡಾಕ್ಟರು. ಇದನ್ನು ಹೆಂಡತಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿರಲಿಲ್ಲ. ಕಬ್ಬಿನ ಹಂಗಾಮಿನೊಳಗೆ ನಂಬುವ ಕೈಯೊಂದು ಸಿಗದಿದ್ದರೆ ಶೆಡ್ಡಿಗೆ ಬೀಗವೇ ಗತಿ.

ಸಿಂದಗಿಯಿಂದ ಬಂದವನಿಗೆ ಸೈಕಲ್ ಸ್ಟ್ಯಾಂಡೂ ಬೆಸೆಯಲು ಬರಲಿಲ್ಲ. ಬಾಗೇವಾಡಿಯವನಿಗೆ ಕೈಗಿಂತ ಬಾಯಿ ಜಾಸ್ತಿ. ತಾಳಿಕೋಟೆಯವನ ಕೆಲಸ ಬಂಗಾರದಂಥದು, ಆದರೆ ಪುಣೆಯಿಂದ ಫೋನು ಬಂದ ಮರುದಿನ ಅವನ ಚಪ್ಪಲಿಯೂ ಕಾಣಲಿಲ್ಲ. ಹಾಳಾಗಿ ಹೋಗಲಿ! ನನಗೆ ಸಾಕುಸಾಕಾಗಿತ್ತು.

ಆಗ ಮುದ್ದೇಬಿಹಾಳದ ಕಡೆಯವನೊಬ್ಬ ಬಂದ. ನಡುವಯಸ್ಸು, ಮಾತು ಕಡಿಮೆ. ಟ್ರೇಲರನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಹುಕ್ ಬೆಸೆಯಲು ಕೊಟ್ಟೆ. ಮುಗಿಸಿದ ಮೇಲೆ ಬೆರಳಿನಿಂದ ಸವರಿ ನೋಡಿದೆ. ಎಲ್ಲೂ ತಡೆಯದೆ ನುಣುಪಾಗಿತ್ತು.

ನಮ್ಮ ಶೆಡ್ಡಿನದೊಂದು ಪದ್ಧತಿ. ಹೊಸ ಟ್ರೇಲರಿಗೆ ಕಲ್ಲು ತುಂಬಿ ಹಳ್ಳದ ದಿಬ್ಬ ಹತ್ತಿಸುವಾಗ ಹುಕ್ ಬೆಸೆದವನೇ ಮೇಲೆ ಕೂರಬೇಕು. ಹುಕ್ ಕಿತ್ತು ಬಂದರೆ ಟ್ರೇಲರಿನ ಜೊತೆ ಹಿಂದಕ್ಕೆ ಉರುಳುವವನೂ ಅವನೇ. ಕಾಯಿ ಒಡೆಯುವುದು ಆಮೇಲೆ.

ಸಂಜೆ ಕಲ್ಲು ತುಂಬಿಸಿ, "ಏರ್ರಿ ಮ್ಯಾಲ," ಎಂದೆ.

"ನಾ ಕೂಡೂದಿಲ್ರಿ."

ಸಿಟ್ಟು ನೆತ್ತಿಗೇರಿತು. "ಯಾಕ್ರಿ? ನೀವ ಬೆಸದದ್ದಲ್ಲೇನು? ಮಂದಿ ಸಾಯ್ಲಿ ಅಂತೀರೇನು?"

"ಅದಕ್ಕ ಹೇಳಾಕತ್ತೇನ್ರಿ. ಮಧ್ಯಾಹ್ನ ಕರೆಂಟ್ ಭಾಳ ಸಣ್ಣಗಿತ್ತು. ಮ್ಯಾಲ ಚಂದ ಕಾಣ್ತೈತಿ, ಒಳಗ ಬೆಸುಗಿ ಹಿಡದಿಲ್ಲ. ಕೆಲಸ ಹೋಗತೈತಿ ಅಂತ ಅಂಜಿ ಸುಮ್ನಿದ್ದೆ."

ಸಿಟ್ಟು ಇಳಿದು ಹೆದರಿಕೆ ಹತ್ತಿತು. ಅವನು ಬಾಯಿ ಬಿಡದಿದ್ದರೆ ಆ ಹುಕ್ಕನ್ನು ನಾನೇ ಪಾಸು ಮಾಡಿ, ದಿಬ್ಬದಲ್ಲಿ ಅದು ಹೇಗೋ ತಡೆದುಕೊಂಡಿದ್ದರೆ ಯಾರದೋ ಹೊಲಕ್ಕೆ ಕಳಿಸಿಬಿಡುತ್ತಿದ್ದೆ.

ಮರುದಿನ ಬೆಳಿಗ್ಗೆ ಕರೆಂಟ್ ಪೂರಾ ಬಂದಾಗ ಅವನೇ ಬೆಸುಗೆ ಕತ್ತರಿಸಿ, ಉಜ್ಜಿ, ಮತ್ತೆ ಬೆಸೆದ. ನಾನು ಮತ್ತೆ ಸವರಿದೆ. ನಿನ್ನೆಯದಕ್ಕೂ ಇವತ್ತಿನದಕ್ಕೂ ನನ್ನ ಬೆರಳಿಗೆ ಏನೂ ಫರಕು ತಿಳಿಯಲಿಲ್ಲ. ಅವನು ಯಾರೂ ಹೇಳದೆಯೇ ಹತ್ತಿ ಕಲ್ಲಿನ ಮೇಲೆ ಕೂತ.

"ಬಿಡ್ರಿ ಮಾಲಕ್ರ, ಎಳೀಲಿ ಇನ್ನ."

ನಾನು ಚಪ್ಪಲಿ ಕಳಚಿಟ್ಟು, ಚಕ್ರದ ಮೇಲೆ ಕಾಲಿಟ್ಟು, ಏದುಸಿರು ಬಿಡುತ್ತ ಹತ್ತಿ ಅವನ ಪಕ್ಕ ಕೂತೆ.

"ನೀವ್ಯಾಕ್ರಿ ಮತ್ತ?"

"ನನಗ ಕಣ್ಣು ಕಾಣೂದಿಲ್ರಿ," ಎಂದೆ.

ಅವನು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ. ಟ್ರ್ಯಾಕ್ಟರ್ ದಿಬ್ಬ ಹತ್ತತೊಡಗಿತು.